ಲಾಕ್‌ಡೌನ್‌ನಲ್ಲಿ ನೆಮ್ಮದಿ: ಮನೆಯ ದುಡಿಮೆ ಹಂಚಿಕೊಳ್ಳದೆ ಧೈರ್ಯ ಹೇಳಿದರೆ ಸಾಕೆ?

(2021ರ ಲಾಕ್‌ಡೌನ್ ದಿನಗಳಲ್ಲಿ ನಡೆದ ಮಾತುಕತೆಯಿದು. ಇಲ್ಲಿ ಬರುವ ‘ಈಗ’, ‘ಈ ವರ್ಷ’, ‘ಈ ಸಲ’ ಎಲ್ಲವೂ ಆ ದಿನಗಳವು.)

ಉಪನ್ಯಾಸಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಕೊರೊನಾದ ಎರಡನೇ ಅಲೆಯಿಂದಾಗಿ ಕರ್ನಾಟಕದಲ್ಲಿ ಮೇ 10ರಂದು ಆರಂಭವಾದ ಈ ಸಲದ ಲಾಕ್‌ಡೌನ್ ಈಗ ಜೂನ್ 7ರವರೆಗೆ ಮುಂದುವರಿದಿದೆ. ಕಳೆದ ವರ್ಷ ಮಾರ್ಚ್ 25ರಂದು, ಯುಗಾದಿ ಹಬ್ಬದ ದಿನವೇ, ದೇಶವೆಲ್ಲ ಮನೆಯೊಳಗೆ ಸೇರಿಕೊಂಡಾಗ ನಮ್ಮೆಲ್ಲರನ್ನೂ ಕಾಡಿದ್ದು ಗೊತ್ತಿಲ್ಲದ ಕಾಯಿಲೆಯ ಭಯ; ಇಪ್ಪತ್ತೊಂದು ದಿನ ಕಳೆದರೆ ಎಲ್ಲವೂ ಸರಿಹೋದೀತು ಎಂಬ ಆಸೆಯೂ ಆಗ ಜೊತೆಗಿತ್ತು. ಈ ವರ್ಷ ಹಾಗಿಲ್ಲ. ಪಕ್ಕದ ಬೀದಿಯವರು, ಸಹೋದ್ಯೋಗಿಯ ತಂದೆ, ನಮ್ಮದೇ ವಿದ್ಯಾರ್ಥಿಯ ತಾಯಿ ಹೀಗೆ ಒಬ್ಬರಾದ ಮೇಲೊಬ್ಬರ ಸಾವಿನ ಸುದ್ದಿ ಕೇಳುತ್ತಲೇ ಬೆಳಿಗ್ಗೆ ಎದ್ದು ಹಾಲು ಕಾಯಿಸಬೇಕು, ಆನ್‌ಲೈನ್ ತರಗತಿಗೆ ಕೂರಬೇಕು, ಮಕ್ಕಳಿಗೆ ಊಟ ಬಡಿಸಬೇಕು.

ಇಂಥ ಹೊತ್ತಿನಲ್ಲಿ ಧೈರ್ಯ ತುಂಬುವ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ದಿನವೂ ಬರುತ್ತವೆ. ಬೇಗ ಏಳಿ, ಪ್ರಾಣಾಯಾಮ ಮಾಡಿ, ಮನೆಮಂದಿಯ ಜೊತೆ ಸಿಕ್ಕಿದ ಸಮಯವನ್ನು ಸವಿಯಿರಿ ಎನ್ನುತ್ತವೆ. ಕಳಿಸುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮನೆಯಲ್ಲಿ ಯಾರ ಮನಸ್ಸು ಮೊದಲು ಸೋಲುತ್ತದೆ ಎಂಬುದನ್ನು ಗಮನಿಸಿದರೆ, ಅದು ಹೆಚ್ಚಿನ ಮನೆಗಳಲ್ಲಿ ಯಾರ ಕೈ ಬಿಡುವಿಲ್ಲದೆ ದುಡಿಯುತ್ತಿದೆಯೋ ಅವರದೇ ಆಗಿರುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ತೊಡಗುವ ಗಂಡಸು 97 ನಿಮಿಷ ದುಡಿಯುತ್ತಾನೆ. ಹಾಗೆ ತೊಡಗುವ ಗಂಡಸರಾದರೂ ನಾಲ್ವರಲ್ಲಿ ಒಬ್ಬರಷ್ಟೇ. ಇದು ಲಾಕ್‌ಡೌನಿಗೆ ಮುಂಚಿನ ಲೆಕ್ಕ. ಶಾಲೆ ಮುಚ್ಚಿ, ಕೆಲಸದಾಕೆ ಬರದೆ, ಮೂರು ಹೊತ್ತೂ ಎಲ್ಲರೂ ಮನೆಯಲ್ಲೇ ಉಣ್ಣುವಂತಾದ ಮೇಲೆ ಆ 299 ನಿಮಿಷ ಎಲ್ಲಿಗೆ ಮುಟ್ಟಿರಬಹುದೆಂದು ನಮ್ಮ ನಮ್ಮ ಅಡುಗೆಮನೆ ನೋಡಿದರೆ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ. ಗೋಡೆಯ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನದ ಕೆಲಸಗಳನ್ನೆಲ್ಲ ಬರೆದೆವು. ಅಡುಗೆ, ಪಾತ್ರೆ, ಬಟ್ಟೆ, ಕಸ ಇಷ್ಟು ಬರೆದು ಮುಗಿಯಿತೆಂದುಕೊಳ್ಳುವಾಗ, ಕಣ್ಣಿಗೆ ಕಾಣದ ಇನ್ನೊಂದು ಪಟ್ಟಿ ಹೊರಬಂತು: ಸಿಲಿಂಡರ್ ಯಾವಾಗ ಮುಗಿಯುತ್ತದೆಂದು ಲೆಕ್ಕವಿಡುವುದು, ಅತ್ತೆಯವರ ಬಿ.ಪಿ. ಮಾತ್ರೆ ಮುಗಿಯುವ ಮುನ್ನ ತರಿಸುವುದು, ರಾತ್ರಿ ಮೊಸರಿಗೆ ಹೆಪ್ಪು ಹಾಕಲು ನೆನಪಿಡುವುದು, ಅಕ್ಕಿ ಉದ್ದು ನೆನೆಹಾಕುವುದು, ಮಗನ ತರಗತಿಯ ಲಿಂಕ್ ಯಾವ ಗುಂಪಿನಲ್ಲಿ ಬಂದಿದೆ ಎಂದು ಹುಡುಕುವುದು. ಇದೆಲ್ಲ ಒಬ್ಬರ ತಲೆಯಲ್ಲೇ ಇತ್ತು. ಆಮೇಲೆ ಹಂಚಿಕೊಂಡಾಗ ಒಂದು ನಿಯಮ ಇಟ್ಟುಕೊಂಡೆವು: ಕೆಲಸ ವಹಿಸಿಕೊಂಡವರು ಅದನ್ನು ಆರಂಭದಿಂದ ಕೊನೆಯವರೆಗೆ ವಹಿಸಿಕೊಳ್ಳಬೇಕು. ರಾತ್ರಿಯ ಊಟ ಗಂಡನದಾದರೆ, ಏನು ಮಾಡಬೇಕೆಂಬ ಯೋಚನೆಯೂ, ತರಕಾರಿ ಇದೆಯೇ ಎಂದು ಬೆಳಿಗ್ಗೆಯೇ ನೋಡಿಕೊಳ್ಳುವುದೂ, ಕೊನೆಗೆ ಒಲೆಕಟ್ಟೆ ಒರೆಸುವುದೂ ಅವರದೇ. ನಾನು ಆ ಹೊತ್ತಿನಲ್ಲಿ ಅಡುಗೆಮನೆಗೆ ಹೋಗುವುದಿಲ್ಲ. ನಿಮ್ಮ ಮನೆಗಳಲ್ಲಿ ಏನು ಕೈಹಿಡಿಯಿತು, ಏನು ಕೈಹಿಡಿಯಲಿಲ್ಲ ಎಂಬುದನ್ನು ದಯವಿಟ್ಟು ಬರೆಯಿರಿ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೇಡಂ, ನಿಮ್ಮ ಮಾತು ನನಗೆ ಒಪ್ಪಿಗೆ. ಆದರೆ ಹಂಚಿಕೆ ಮನೆಯೊಳಗೇ ಮುಗಿಯುವ ವಿಷಯವಲ್ಲ ಎಂಬುದನ್ನು ಸೇರಿಸಬೇಕು. ನಾನೂ ನನ್ನ ಹೆಂಡತಿಯೂ ಬೇರೆ ಬೇರೆ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ಮನೆಯಲ್ಲಿ ನಾವು ಎಷ್ಟು ಚೆನ್ನಾಗಿ ಪಟ್ಟಿ ಮಾಡಿಕೊಂಡರೂ, ಮಧ್ಯಾಹ್ನ ಒಂದು ಗಂಟೆಗೆ ಇಬ್ಬರಿಗೂ ಮೀಟಿಂಗ್ ಬಂದರೆ ನಾಲ್ಕು ವರ್ಷದ ಮಗಳಿಗೆ ಅನ್ನ ಕಲಸಿ ಕೊಡುವವರು ಯಾರು? ವರ್ಕ್ ಫ್ರಮ್ ಹೋಮ್ ಆದ ಮೇಲೆ ಓಡಾಟದ ಸಮಯ ಉಳಿಯಿತು ಎಂದು ನಾವೆಲ್ಲ ಸಂತೋಷಪಟ್ಟೆವು. ಉಳಿದ ಆ ಸಮಯವನ್ನು ಕಚೇರಿಯೇ ತೆಗೆದುಕೊಂಡಿತು, ರಾತ್ರಿ ಒಂಬತ್ತರ ಕಾಲ್ ಮಾಮೂಲಾಯಿತು.

ನಾವು ಮಾಡಿದ್ದು ಇಷ್ಟು. ಇಬ್ಬರೂ ನಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಮಧ್ಯಾಹ್ನದ ಒಂದು ಗಂಟೆಯನ್ನೂ ಸಂಜೆಯ ಒಂದು ಗಂಟೆಯನ್ನೂ ಎಲ್ಲರಿಗೂ ಕಾಣುವಂತೆ ಕಾದಿರಿಸಿದೆವು. ನನ್ನ ಕೈಕೆಳಗೆ ಒಂದು ಸಣ್ಣ ತಂಡವಿದೆ. ತಂಡದ ಮೀಟಿಂಗಿನಲ್ಲಿ ನಾನು ಮುಚ್ಚುಮರೆಯಿಲ್ಲದೆ, ಈಗ ನನ್ನ ಅಡುಗೆಯ ಸರದಿ, ಮುಂದಿನದನ್ನು ಮೂರು ಗಂಟೆಗೆ ನೋಡೋಣ ಎಂದು ಹೇಳತೊಡಗಿದೆ. ಮಗು ಅಳುವ ಸದ್ದೋ ಕುಕ್ಕರಿನ ಸೀಟಿಯೋ ಕೇಳಿದೊಡನೆ ಗಾಬರಿಯಾಗಿ ಮ್ಯೂಟ್ ಮಾಡುತ್ತಿದ್ದ ಹೆಣ್ಣುಮಕ್ಕಳು ತಂಡದಲ್ಲಿದ್ದರು. ಗಂಡಸೊಬ್ಬ ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಅವರೂ ತಮಗೆ ಯಾವ ಹೊತ್ತು ಆಗುವುದಿಲ್ಲ ಎಂದು ಹೇಳಲಾರಂಭಿಸಿದರು, ಕೆಲವು ಹುಡುಗರೂ ಹೇಳಿದರು. ತಂಡದ ಕೆಲಸವೇನೂ ನಿಲ್ಲಲಿಲ್ಲ. ಮೇಲಿನ ಸ್ಥಾನದಲ್ಲಿರುವ ಗಂಡಸರು ಈ ಒಂದು ಕೆಲಸವನ್ನು ಮಾಡಲೇಬೇಕು ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮನೆಗೆಲಸ ಮಾಡುವವರ ಮಗಳು, ಬೆಂಗಳೂರು

ನನ್ನ ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ, ನೆಲ ಒರೆಸುವ ಕೆಲಸ ಮಾಡುತ್ತಾರೆ. ಕಳೆದ ವರ್ಷ ಕೆಲಸಕ್ಕೆ ಬರಬೇಡ ಎಂದ ಮೇಲೂ ಎರಡು ಮನೆಯವರು ಪೂರ್ತಿ ಸಂಬಳ ಕೊಟ್ಟರು, ಎರಡು ಮನೆಯವರು ಕೊಡಲಿಲ್ಲ. ನೀವು ಮನೆಯ ದುಡಿಮೆಯ ಬೆಲೆಯ ಬಗ್ಗೆ ಇಷ್ಟು ಚೆನ್ನಾಗಿ ಬರೆಯುತ್ತಿರುವಾಗ, ಬರದಿದ್ದ ತಿಂಗಳಿನ ಸಂಬಳವನ್ನೂ ಅದರಲ್ಲಿ ಸೇರಿಸಿ ಎಂದು ಕೇಳುತ್ತೇನೆ. ನನ್ನ ತಾಯಿಯಂಥವರ ಮನೆಯಲ್ಲೂ ಮೂರು ಹೊತ್ತು ಒಲೆ ಉರಿಯಬೇಕು.

ಉಪನ್ಯಾಸಕಿ, ಮೈಸೂರು

ನಿಮ್ಮ ಮಾತು ಎಲ್ಲಕ್ಕಿಂತ ಮೊದಲು ಬರಬೇಕಾಗಿತ್ತು, ಸಹೋದರಿ. ಬರಬೇಡಿ ಎಂದವರು ನಾವು. ಆದ್ದರಿಂದ ಸಂಬಳದ ಹೊಣೆಯೂ ನಮ್ಮದೇ. ಓದುತ್ತಿರುವವರು ಯಾರಾದರೂ ಈ ತಿಂಗಳಿನದನ್ನು ಇನ್ನೂ ಕೊಟ್ಟಿಲ್ಲವಾದರೆ ಇವತ್ತೇ ಕೊಡಿ.

ಪ್ರೌಢಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ

ಮಕ್ಕಳ ವಿಷಯ ಬರೆಯುತ್ತೇನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಈ ಸಲವೂ ಮುಂದಕ್ಕೆ ಹೋಗಿದೆ, ಹೊಸ ದಿನಾಂಕ ಇನ್ನೂ ಬಂದಿಲ್ಲ. ಕಳೆದ ವರ್ಷ ಮಾರ್ಚ್ 27ಕ್ಕೆ ಶುರುವಾಗಬೇಕಾಗಿದ್ದ ಪರೀಕ್ಷೆ ಕೊನೆಗೆ ಜೂನ್ 25ಕ್ಕೆ ಶುರುವಾಯಿತು. ನಡುವಿನ ಮೂರು ತಿಂಗಳು ಮಕ್ಕಳು ಓದಿದ್ದನ್ನೇ ಓದುತ್ತ, ಯಾವತ್ತು ಎಂದು ಗೊತ್ತಿಲ್ಲದೆ ಕಾಯುತ್ತ ಕೂತಿದ್ದರು. ಮಕ್ಕಳನ್ನು ಹೆಚ್ಚು ದಣಿಸಿದ್ದು ಈ ಕಾಯುವಿಕೆಯೇ ಎಂಬುದು ನಾನು ಹತ್ತಿರದಿಂದ ಕಂಡ ಮಾತು. ಆಗ ಚಂದನ ವಾಹಿನಿಯಲ್ಲಿ ಬಂದ ಪುನರ್ಮನನ ತರಗತಿಗಳು ಹಳ್ಳಿಯ ಮಕ್ಕಳಿಗೆ ಪಾಠಕ್ಕಿಂತ ಹೆಚ್ಚಾಗಿ ದಿನಕ್ಕೊಂದು ಗೊತ್ತಾದ ಹೊತ್ತನ್ನು ಕೊಟ್ಟವು. ಆಗಸ್ಟಿನಿಂದ ಅಕ್ಟೋಬರಿನವರೆಗೆ ವಿದ್ಯಾಗಮ, ಅಂದರೆ ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಕಾರ್ಯಕ್ರಮ, ನಡೆದಾಗ ಗುಡಿಯ ಕಟ್ಟೆಯ ಮೇಲೆ, ಬೇವಿನ ಮರದ ಕೆಳಗೆ ಕೂರಿಸಿ ಪಾಠ ಮಾಡಿದ್ದೇವೆ. ಅಲ್ಲಿಗೆ ಬರುವ ಮಕ್ಕಳು ತಲೆಬಾಚಿಕೊಂಡು, ತೊಳೆದ ಅಂಗಿ ತೊಟ್ಟುಕೊಂಡು ಅರ್ಧ ಗಂಟೆ ಮುಂಚೆಯೇ ಬಂದು ಕೂತಿರುತ್ತಿದ್ದರು.

ಪಾಲಕರು ತಿಳಿದುಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ನಮ್ಮ ಕಡೆ ಒಂದು ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇರುತ್ತದೆ, ಅದು ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ. ಆದ್ದರಿಂದ ಫೋನ್ ಮನೆಯಲ್ಲಿ ಇರುವ ಹೊತ್ತನ್ನು, ಹೆಚ್ಚಾಗಿ ಸಂಜೆ ಏಳರ ನಂತರ, ಮಕ್ಕಳ ಹೊತ್ತೆಂದು ಗೊತ್ತುಮಾಡಿ. ಅಣ್ಣತಂಗಿಯರಿದ್ದರೆ ಸರದಿ ಹಾಕಿ, ತಂಗಿಯ ಸರದಿಯನ್ನು ಅಣ್ಣ ಕಸಿಯದಂತೆ ನೋಡಿಕೊಳ್ಳಿ. ಹೆಣ್ಣುಮಗು ಮನೆಯಲ್ಲೇ ಇದ್ದಾಳೆಂದು ರೊಟ್ಟಿ, ನೀರು, ತಮ್ಮನನ್ನು ಎತ್ತಿಕೊಳ್ಳುವುದು ಎಲ್ಲವನ್ನೂ ಅವಳ ಮೇಲೆ ಹಾಕಿದ್ದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಮದುವೆಯ ಮಾತು ಎತ್ತಿದವರೂ ಇದ್ದಾರೆ. ಅಕ್ಕಪಕ್ಕದಲ್ಲಿ ಅಂಥದ್ದು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಲಾಕ್‌ಡೌನ್ ಇದ್ದರೂ ಅದು ಕೆಲಸ ಮಾಡುತ್ತದೆ.

ಗೃಹಿಣಿ, ಶಿರಸಿ ಹತ್ತಿರದ ಹಳ್ಳಿ

ಮನೆಯಲ್ಲಿ ಜನ ಹೆಚ್ಚಿದ್ದರೆ ಕೆಲಸ ತಾನಾಗಿ ಹಂಚಿಹೋಗುತ್ತದೆ ಎಂದು ಪಟ್ಟಣದವರು ತಿಳಿದಿರುತ್ತಾರೆ. ಹಾಗಾಗುವುದಿಲ್ಲ. ಕಳೆದ ವರ್ಷ ಬೆಂಗಳೂರಿನಿಂದ ಮೈದುನಂದಿರು ಸಂಸಾರ ಸಮೇತ ಬಂದಾಗ ನಮ್ಮ ಮನೆ ತುಂಬಿತು. ಮಕ್ಕಳಿಗೆ ಅದು ಜಾತ್ರೆಯಂತೆ, ಅಡುಗೆಮನೆಯಲ್ಲಿದ್ದ ನಮ್ಮಿಬ್ಬರಿಗೆ ದಿನಾ ಸಂತರ್ಪಣೆಯಂತೆ ಆಯಿತು. ಬಂದವರು ಗುಡ್ಡದ ಮೇಲೆ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಒಂದು ಚಪ್ಪರ ಕಟ್ಟಿಕೊಂಡು ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಹತ್ತಿದರೆ ಊಟಕ್ಕೇ ಇಳಿಯುತ್ತಿದ್ದರು. ಮೊದಲು ಮಾತಾಡಿದವರು ನಮ್ಮ ಅತ್ತೆ. ಇನ್ನು ಮೇಲೆ ಉಂಡವರು ತಮ್ಮ ತಮ್ಮ ಬಟ್ಟಲು ತೊಳೆದಿಟ್ಟು ಏಳಬೇಕು ಎಂದರು. ಅಷ್ಟು ಸಣ್ಣ ಮಾತಿನಿಂದ ಎಲ್ಲ ಶುರುವಾಯಿತು.

ಈ ವರ್ಷವೂ ಅವರು ಬಂದಿದ್ದಾರೆ. ಈಗ ಹಲಸಿನಕಾಯಿ ಹಪ್ಪಳದ ಕಾಲ. ಮಳೆ ಹಿಡಿಯುವ ಮೊದಲು ಮುಗಿಸಬೇಕಾದ ಈ ಕೆಲಸ ಒಬ್ಬಿಬ್ಬರಿಂದ ಆಗುವಂಥದ್ದಲ್ಲ. ಕೈಗೆ ಕೊಬ್ಬರಿಎಣ್ಣೆ ಸವರಿಕೊಂಡು ಮೇಣ ತಾಗದಂತೆ ಕಾಯಿ ಬಿಡಿಸುವುದು ಗಂಡಸರ ಪಾಲಾಗಿದೆ. ತೊಳೆಗಳನ್ನು ಬೇಯಿಸಿ, ಉಪ್ಪು, ಖಾರ, ಜೀರಿಗೆ ಹಾಕಿ ಒರಳಲ್ಲಿ ಕುಟ್ಟುವುದಕ್ಕೆ ಹರೆಯದ ಹುಡುಗರಿದ್ದಾರೆ. ಉಂಡೆ ಮಾಡಿ ಮಣೆಯಿಂದ ಒತ್ತುವುದು ನಮ್ಮದು, ಚಾಪೆಯ ಮೇಲೆ ಹರಡಿ ಕಾಗೆ ಕಾಯುವುದು ಸಣ್ಣ ಮಕ್ಕಳದು. ಕುಟ್ಟುವಾಗ ಮೊಬೈಲು ಹಿಡಿಯಲು ಯಾರಿಗೂ ಕೈ ಬಿಡುವಿಲ್ಲ, ಎಲ್ಲರ ಬಾಯಿಗೂ ಬಿಡುವಿದೆ. ಕಾಲೇಜು ಓದುವ ಹುಡುಗ ತನಗೆ ಕೆಲಸ ಸಿಗುವುದೋ ಇಲ್ಲವೋ ಎಂಬ ಚಿಂತೆಯನ್ನು ಆ ಒರಳಿನ ಮುಂದೆಯೇ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ. ಎದುರು ಕೂರಿಸಿಕೊಂಡು ನಿನಗೇನು ಚಿಂತೆ ಎಂದು ಕೇಳಿದ್ದರೆ ಅವನು ಹೇಳುತ್ತಿರಲಿಲ್ಲ.

ಬ್ಯಾಂಕ್ ಉದ್ಯೋಗಿ, ದಾವಣಗೆರೆ

ನಾನು ಮನೆಯಲ್ಲಿರುವವಳಲ್ಲ, ನಮ್ಮ ಶಾಖೆ ತೆರೆದೇ ಇದೆ, ದಿನವೂ ಹೋಗುತ್ತೇನೆ. ನನ್ನ ಪತಿಗೆ ಬಟ್ಟೆ ಅಂಗಡಿಯಿದೆ. ಅದು ಕಳೆದ ವರ್ಷವೂ ಮದುವೆಯ ಕಾಲದಲ್ಲೇ ಮುಚ್ಚಿತ್ತು, ಈ ವರ್ಷವೂ ಮುಚ್ಚಿದೆ. ಆದಾಯ ನಿಂತ ಗಂಡಸಿನ ಮೌನದ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ಅವರು ಮೊದಲ ಕೆಲವು ವಾರ ಟಿವಿ ಮುಂದಿನಿಂದ ಏಳಲಿಲ್ಲ. ಮನೆಗೆಲಸದ ಪಟ್ಟಿ ಹಿಡಿದು ಅವರ ಮುಂದೆ ನಿಂತಿದ್ದರೆ ಅದು ಅವಮಾನದಂತೆ ಕಾಣುತ್ತಿತ್ತು. ಅದಕ್ಕೂ ಮೊದಲು ನಾವು ಮಾಡಿದ್ದು ದುಡ್ಡಿನ ಲೆಕ್ಕ. ಕೈಯಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಕೊಡಬೇಕು, ಅಂಗಡಿಯ ಹುಡುಗರಿಬ್ಬರಿಗೆ ಎಷ್ಟು ತಿಂಗಳು ಸಂಬಳ ಕೊಡಲಾದೀತು ಎಂಬುದನ್ನು ಇಬ್ಬರೂ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಅಂಕಿ ಕಣ್ಣಮುಂದೆ ಬಂದ ಮೇಲೆ ಅವರಿಗೆ ನಿದ್ದೆ ಬಂತು. ಈಗ ಬೆಳಗಿನ ತಿಂಡಿಯೂ ಮಧ್ಯಾಹ್ನದ ಅಡುಗೆಯೂ ಪೂರ್ತಿ ಅವರದು. ಜೋಳದ ರೊಟ್ಟಿ ಬಡಿಯಲು ಅವರ ತಾಯಿಯಿಂದಲೇ ಕಲಿತರು.

ಸಾಲ ಇರುವವರಿಗೆ ಒಂದು ಕೆಲಸಕ್ಕೆ ಬರುವ ಮಾತು. ಕಳೆದ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕೊಟ್ಟಿತ್ತು. ಆ ಅವಧಿಗೆ ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು ಎಂಬುದನ್ನು ಬಹಳ ಜನ ಗಮನಿಸಿರಲಿಲ್ಲ. ಈ ಸಲ ಹಾಗೆ ಎಲ್ಲರಿಗೂ ಕಂತು ಮುಂದೂಡಿಕೆ ಇಲ್ಲ. ಆದರೆ 2021ರ ಮೇ 5ರಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿದ ವ್ಯವಸ್ಥೆಯಲ್ಲಿ ವ್ಯಕ್ತಿಗಳೂ ಸಣ್ಣ ವ್ಯಾಪಾರಿಗಳೂ ಸಾಲದ ಪುನರ್ರಚನೆಗೆ, ಅಂದರೆ ಕಂತು, ಅವಧಿಗಳನ್ನು ಬದಲಿಸಿಕೊಡುವಂತೆ, ಕೇಳಿಕೊಳ್ಳಬಹುದು. 2021ರ ಮಾರ್ಚ್ 31ರವರೆಗೆ ಖಾತೆ ಸರಿಯಾಗಿ ನಡೆದಿರಬೇಕು, ಅದೇ ವರ್ಷದ ಸೆಪ್ಟೆಂಬರ್ 30ರೊಳಗೆ ಪ್ರಕ್ರಿಯೆ ಶುರುವಾಗಬೇಕು. ಕಂತು ತಪ್ಪಿದ ಮೇಲೆ ಮುಖ ಮರೆಸಿಕೊಳ್ಳುವುದಕ್ಕಿಂತ, ತಪ್ಪುವ ಮೊದಲೇ ನಿಮ್ಮ ಶಾಖೆಗೆ ಫೋನ್ ಮಾಡಿ ಕೇಳಿ. ಹಾಗೆ ಕೇಳುವುದರಲ್ಲಿ ನಾಚಿಕೆಯಿಲ್ಲ.

ಓದುಗ, ಕಾಸರಗೋಡು

ನಿಮ್ಮೆಲ್ಲರ ಮಾತುಗಳನ್ನು ಗೌರವದಿಂದ ಓದಿದೆ. ಆದರೆ ಹಂಚಿಕೊಳ್ಳಲಾಗದ ಭಾರವೂ ಇದೆ ಎಂಬುದನ್ನು ಹೇಳಬೇಕೆನಿಸಿತು. ನಾವು ಗಡಿನಾಡಿನವರು, ಕಾಯಿಲೆಕಸಾಲೆಗೆ ಮಂಗಳೂರನ್ನೇ ನಂಬಿದವರು. ಕಳೆದ ವರ್ಷ ತಲಪಾಡಿಯಲ್ಲಿ ಗಡಿ ಮುಚ್ಚಿ, ರೋಗಿಗಳನ್ನು ಬಿಡುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದ ಆ ದಿನಗಳಲ್ಲಿ ಹೃದ್ರೋಗಿಯಾದ ತಂದೆಯನ್ನು ಮನೆಯಲ್ಲಿಟ್ಟುಕೊಂಡು ನಾವು ಕಳೆದ ರಾತ್ರಿಗಳನ್ನು ಯಾವ ವೇಳಾಪಟ್ಟಿಯೂ ಹಗುರ ಮಾಡುತ್ತಿರಲಿಲ್ಲ. ಅವರು ಆ ವರ್ಷ ಉಳಿದುಕೊಂಡರು. ಈ ಏಪ್ರಿಲ್‌ನಲ್ಲಿ ಕೊರೊನಾದಿಂದ ತೀರಿಕೊಂಡರು. ಬಂಧುಗಳು ಬರುವಂತಿರಲಿಲ್ಲ, ಹೆಗಲು ಕೊಡುವವರಿರಲಿಲ್ಲ, ಉತ್ತರಕ್ರಿಯೆ ನಾಲ್ಕು ಜನರಲ್ಲಿ ಮುಗಿಯಿತು.

ಆಮೇಲೆ ಬಂದ ಫೋನುಗಳಲ್ಲಿ ಬಹಳಷ್ಟು ಮಂದಿ ಧೈರ್ಯ ತಂದುಕೋ, ಒಳ್ಳೆಯದನ್ನೇ ಯೋಚಿಸು ಎಂದರು. ನನಗೆ ಆಸರೆಯಾದದ್ದು ಬೇರೆ. ನಾವೆಲ್ಲ ಕ್ವಾರಂಟೈನ್‌ನಲ್ಲಿದ್ದಾಗ ಪಕ್ಕದ ಮನೆಯವರು ದಿನಾ ಮಧ್ಯಾಹ್ನ ಗೇಟಿನ ಬಳಿ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ ಇಟ್ಟು ಹೋಗುತ್ತಿದ್ದರು. ಏನು ಬೇಕು ಎಂದು ಕೇಳಿ ನಮ್ಮನ್ನು ಯೋಚನೆಗೆ ಹಚ್ಚುತ್ತಿರಲಿಲ್ಲ. ತಂದೆಯ ಸ್ನೇಹಿತರೊಬ್ಬರು ರಾತ್ರಿ ಫೋನ್ ಮಾಡಿ, ಇಬ್ಬರೂ ಹರೆಯದಲ್ಲಿ ಯಕ್ಷಗಾನ ನೋಡಲು ಮೈಲಿಗಟ್ಟಲೆ ನಡೆದ ಕಥೆಗಳನ್ನು ಹೇಳುತ್ತಿದ್ದರು. ನಾನು ಕೇಳುತ್ತ ಅಳುತ್ತಿದ್ದೆ, ಅವರು ಅಳು ನಿಲ್ಲಿಸು ಎನ್ನಲಿಲ್ಲ. ಸಾವಾದ ಮನೆಯವರಿಗೆ ಸಂದೇಶ ಕಳಿಸುವ ಬದಲು ಇಂಥದ್ದೇನಾದರೂ ಮಾಡಿ.

ಉಪನ್ಯಾಸಕಿ, ಮೈಸೂರು

ನಿಮ್ಮ ತಂದೆಯವರನ್ನು ನೆನೆದು ನಮಸ್ಕರಿಸುತ್ತೇನೆ. ದುಃಖದಲ್ಲಿರುವವರಿಂದ ಯಾರೂ ಉತ್ಸಾಹವನ್ನು ಕೇಳಬಾರದು. ಅವರ ಪಾಲಿನ ಕೆಲಸವನ್ನು ಕೆಲಕಾಲ ಉಳಿದವರು ಹೊರಬೇಕು. ಗಂಜಿ ಇಟ್ಟು ಹೋದ ಆ ನೆರೆಯವರು ಮಾಡಿದ್ದು ಅದನ್ನೇ.

ಇದಕ್ಕೆ ಸೇರಿಸಿ ಒಂದು ಮಾತು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಿಗೆ ಬರುತ್ತಿದ್ದರೆ, ಅದಕ್ಕೆ ಮನೆಯವರ ಸಾಂತ್ವನವಷ್ಟೇ ಸಾಲದು, ವೈದ್ಯರು ಬೇಕು. ನಿಮ್ಹಾನ್ಸ್ ಕಳೆದ ವರ್ಷದಿಂದಲೇ ಮಾನಸಿಕ ನೆರವಿಗಾಗಿ ಸಹಾಯವಾಣಿ ನಡೆಸುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ಇನ್ನು, ಎಲ್ಲರಿಗೂ ಮನೆಯೇ ಸುರಕ್ಷಿತ ಜಾಗವಲ್ಲ ಎಂಬುದನ್ನೂ ಮರೆಯಬಾರದು. ಕಳೆದ ವರ್ಷದ ಲಾಕ್‌ಡೌನಿನಲ್ಲಿ ಮನೆಯೊಳಗಿನ ದೌರ್ಜನ್ಯದ ದೂರುಗಳು ಏರಿದವೆಂದು ರಾಷ್ಟ್ರೀಯ ಮಹಿಳಾ ಆಯೋಗವೇ ಹೇಳಿತ್ತು. ಹೊಡೆತ ತಿನ್ನುತ್ತಿರುವವರಿಗೆ ಹೊಂದಿಕೊಂಡು ಹೋಗು ಎನ್ನಬೇಡಿ. 112ಕ್ಕೆ ಕರೆಮಾಡಲು ನೆರವಾಗಿ.

ಗೃಹಿಣಿ, ತುಮಕೂರು

ನನ್ನದೊಂದು ಪ್ರಶ್ನೆ. ನನ್ನ ಯಜಮಾನರಿಗೆ ಕಸ ಗುಡಿಸಲು, ಪಾತ್ರೆ ತೊಳೆಯಲು ಬೇಸರವಿಲ್ಲ. ಆದರೆ ಅವರು ಪೊರಕೆ ಹಿಡಿದ ಕೂಡಲೇ ಮಾವನವರು ಊಟ ಬಿಟ್ಟು ಎದ್ದು ಹೋಗುತ್ತಾರೆ. ಒಂದೇ ಮನೆಯಲ್ಲಿ ದಿನವಿಡೀ ಇರಬೇಕಾದಾಗ ಈ ಮುನಿಸನ್ನು ಹೇಗೆ ನಿಭಾಯಿಸಲಿ?

ನಿವೃತ್ತ ನೌಕರ, ಧಾರವಾಡ

ತಂಗಿ, ನಾನೂ ನಿಮ್ಮ ಮಾವನವರ ವಯಸ್ಸಿನವನೇ, ಆದ್ದರಿಂದ ಅವರ ಕಡೆಯಿಂದ ಒಂದು ಮಾತು ಹೇಳುತ್ತೇನೆ. ದಿನವೂ ಸಂಜೆ ಗೆಳೆಯರ ಜೊತೆ ಕಟ್ಟೆಗೆ ಹೋಗಿ ಕೂರುತ್ತಿದ್ದವರು, ಪೇಟೆಗೆ ಹೋಗಿ ತರಕಾರಿ ಆರಿಸಿ ತರುತ್ತಿದ್ದವರು, ವಯಸ್ಸಾದವರು ಹೊರಗೆ ಹೋಗಬಾರದೆಂಬ ಮಾತಿನಿಂದ ಎರಡು ವರ್ಷದಲ್ಲಿ ಎರಡನೇ ಸಲ ಕೋಣೆ ಸೇರಿದ್ದೇವೆ. ಮನೆಗೆ ನಮ್ಮಿಂದ ಏನೂ ಆಗಬೇಕಾಗಿಲ್ಲ ಎಂಬ ಭಾವನೆ ಬಂದಾಗ, ಮಗನ ಕೈಯಲ್ಲಿ ಪೊರಕೆ ಕಂಡ ಸಿಟ್ಟು ಅದಕ್ಕೊಂದು ನೆಪವಾಗುತ್ತದೆ. ಅವರಿಗೂ ಒಂದು ಕೆಲಸ ಬೇಕು, ಅದು ಅವರದೇ ಎಂದು ಎಲ್ಲರೂ ಒಪ್ಪಿದ ಕೆಲಸವಾಗಿರಬೇಕು. ನಮ್ಮ ಮನೆಯಲ್ಲಿ ಸೊಪ್ಪು ಸೋಸುವುದು, ಮೊಮ್ಮಗಳಿಂದ ಮಗ್ಗಿ ಒಪ್ಪಿಸಿಕೊಳ್ಳುವುದು ಮತ್ತು ಎಲ್ಲರ ಮಾತ್ರೆಗಳ ಲೆಕ್ಕ ನನ್ನವು.

ಇನ್ನೊಂದು ವಿಷಯ. ಪೊರಕೆಯ ಬಗ್ಗೆ ಮಾವನವರ ಜೊತೆ ಮಾತಾಡಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ಇದು ನನ್ನ ಇಷ್ಟದಿಂದ ಮಾಡುತ್ತಿರುವ ಕೆಲಸ, ಇವಳು ಹೇಳಿ ಮಾಡಿಸುತ್ತಿಲ್ಲ ಎಂದು ಮಗನ ಬಾಯಿಂದಲೇ ಬರಬೇಕು. ಒಂದೆರಡು ದಿನ ಮಾವನವರ ಮುನಿಸಿದ್ದರೂ ನಿಮ್ಮ ಯಜಮಾನರು ಕೆಲಸ ಬಿಡಬಾರದು.

ಗೃಹಿಣಿ, ಶಿರಸಿ ಹತ್ತಿರದ ಹಳ್ಳಿ

ಹಿರಿಯರು ಹೇಳಿದ್ದು ಸರಿ. ಅಂಗಡಿ ಈಗ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ತೆರೆದಿರುತ್ತದಲ್ಲ, ಅಲ್ಲಿಂದಲೇ ಶುರುಮಾಡಿ. ಚೀಲ ಹಿಡಿದು ಹೋಗುವುದು ನಿಮ್ಮ ಯಜಮಾನರಾದರೆ, ಹಿಂದಿನ ರಾತ್ರಿ ಡಬ್ಬಗಳನ್ನೆಲ್ಲ ತೆರೆದು ನೋಡಿ ಏನು ಮುಗಿದಿದೆ, ಎಷ್ಟು ತರಬೇಕು ಎಂದು ಚೀಟಿ ಬರೆಯುವ ಕೆಲಸವನ್ನು ಮಾವನವರಿಗೆ ಬಿಡಿ. ತಂದ ಮೇಲೆ ಬಿಲ್ಲು ನೋಡಿ ಲೆಕ್ಕ ಹಾಕುವುದೂ ಅವರದೇ ಇರಲಿ.